ಗಾಲಿ ಮೇಲಿನ ಅಡುಗೆ ಕಟ್ಟೆ

ಕ್ಯಾಂಪರ್ ಟ್ರೇಲರ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆ, ಅದರ ಒಳಗಿನ ಅಡುಗೆ ಕಟ್ಟೆ ಅಲ್ಲಾಡ್ತಿದೆ ಅಂತ ಯಾರ ಮುಂದೆ ಹೇಳಿದರೂ ಬರುವ ಸಲಹೆ ಒಂದೇ: ಸ್ಕ್ರೂ ಬಿಗಿ ಮಾಡಿ. ಹೇಳೋದು ಸುಲಭ. ಆದರೆ ಇಂಥ ಕಟ್ಟೆಗಳಲ್ಲಿ ಸ್ಕ್ರೂ ತಾನಾಗಿ ಸಡಿಲ ಆಗೋದು ಕಡಿಮೆ. ಅದನ್ನು ಹಿಡಿದುಕೊಂಡಿದ್ದ ಹಲಗೆಯೇ ಒಳಗೊಳಗೆ ಪುಡಿಯಾಗಿರುತ್ತದೆ. ತೂತು ಅಗಲವಾದ ಮೇಲೆ ಎಷ್ಟು ತಿರುವಿದರೂ ಸ್ಕ್ರೂ ಸುಮ್ನೆ ಸುತ್ತುತ್ತಿರುತ್ತದೆ, ಹಿಡಿಯೋದಿಲ್ಲ. ನಮ್ಮ ಟ್ರೇಲರಿನಲ್ಲಿ ಆಗಿದ್ದೂ ಅದೇ.

ನಾವು ಇರೋದು ಕಲಬುರಗಿಯಲ್ಲಿ. ಟ್ರೇಲರ್ ಹೈದರಾಬಾದಿನಲ್ಲಿ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಒಂದೇ ಆ್ಯಕ್ಸಲ್, ಎರಡು ಗಾಲಿ, ಅಲ್ಯೂಮಿನಿಯಂ ಪೈಪಿನ ಚೌಕಟ್ಟು, ಅದರ ಮೇಲೆ ಅಂಗಡಿ ಬೋರ್ಡುಗಳಿಗೆ ಹಾಕುವಂಥ ಎಸಿಪಿ ಶೀಟು. ಒಳಗೆ ಇಬ್ಬರು ಮಲಗುವಷ್ಟು ಜಾಗ. ನಾನು, ನಮ್ಮ ಅತ್ತೆ ಅಲ್ಲಿ ಮಲಗುತ್ತೇವೆ, ಇವರಿಗೆ ಬೊಲೆರೋದ ಹಿಂದಿನ ಸೀಟು. ಇನ್ನೊಂದು ಬದಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಕಟ್ಟೆ. ಅದರ ಒಂದು ತುದಿಗೆ ಸಣ್ಣ ಸ್ಟೀಲ್ ಸಿಂಕು, ಇನ್ನೊಂದು ತುದಿಗೆ ಎರಡು ಬರ್ನರಿನ ಒಲೆ. ಊರೊಳಗೆ ಇದನ್ನು ಎಳೆದುಕೊಂಡು ಹೋದರೆ ಜನ ಕೇಳುವ ಮೊದಲ ಪ್ರಶ್ನೆ, "ಇದರಾಗ ಏನ್ ಮಾರ್ತೀರಿ?" ಸೂಪರ್ ಮಾರ್ಕೆಟ್ ಹತ್ತಿರ ಒಬ್ಬ ಹುಡುಗ ಚಹಾ ಕೇಳಿಯೇ ಬಿಟ್ಟಿದ್ದ. ಅತ್ತೆ ಕೊಟ್ಟೂ ಬಿಟ್ಟರು.

ಚಳಿಗಾಲದಲ್ಲಿ ಸುರಪುರದ ಹತ್ತಿರ ಬೋನಾಳ ಕೆರೆಗೆ ಹಕ್ಕಿ ನೋಡಲು ಹೋಗುತ್ತೇವೆ. ಮಳೆ ಮುಗಿದ ಮೇಲೆ ಚಿಂಚೋಳಿ ಕಾಡಿನ ಚಂದ್ರಂಪಳ್ಳಿ ಡ್ಯಾಮಿನ ಕಡೆ. ಅತ್ತೆಯ ಮನಸ್ಸಿಗೆ ಬಂದಾಗ ಗಾಣಗಾಪುರ. ಎಲ್ಲಿಗೇ ಹೋಗಲಿ, ಜೋಳದ ಹಿಟ್ಟಿನ ಡಬ್ಬಿ ಜೊತೆಗೆ ಬರಲೇಬೇಕು. ಹೋಟೆಲ್ ರೊಟ್ಟಿ ಅವರಿಗೆ ಆಗೋದಿಲ್ಲ. "ಅದು ರೊಟ್ಟಿ ಅಲ್ಲ, ಹಪ್ಪಳ" ಅಂತಾರೆ. ಹಾಗಾಗಿ ಕೆರೆ ದಂಡೆಯಲ್ಲಿ ನಿಂತರೂ ಹನ್ನೊಂದು ಗಂಟೆಗೆ ಸರಿಯಾಗಿ ಟ್ರೇಲರ್ ಒಳಗಿಂದ ಪಟ ಪಟ ಸದ್ದು ಕೇಳುತ್ತದೆ.

ಕಟ್ಟೆಯ ಕಥೆ ಶುರುವಾಗೋದೇ ಆ ಸದ್ದಿನಿಂದ. ಇಂಥ ಟ್ರೇಲರುಗಳ ಕಟ್ಟೆಯನ್ನು ಚಹಾ ಕಾಯಿಸುವವರ, ಆಮ್ಲೆಟ್ ಮಾಡುವವರ ಲೆಕ್ಕದಲ್ಲಿ ಮಾಡಿರುತ್ತಾರೆ. ಪಾತ್ರೆ ಇಟ್ಟರೆ ತಡೆಯಬೇಕು, ಅಷ್ಟೇ. ಜೋಳದ ರೊಟ್ಟಿ ಬೇರೆ ಜಾತಿ. ಗೋಧಿಯಲ್ಲಿ ಇರುವ ಗ್ಲುಟನ್ ಜೋಳದಲ್ಲಿ ಇಲ್ಲ. ಅದಕ್ಕೇ ಹಿಟ್ಟಿಗೆ ಕುದಿಯುವ ನೀರು ಹಾಕಿ, ಅಂಟು ಬರುವ ತನಕ ಅಂಗೈಯ ಬುಡದಿಂದ ಮುಂದಕ್ಕೆ ಒತ್ತಿ ಒತ್ತಿ ನಾದಬೇಕು. ಆಮೇಲೆ ಚಪಾತಿ ಹಾಗೆ ಲಟ್ಟಿಸದೆ ಬಡಿಯಬೇಕು, ಬಡಿಯುತ್ತಲೇ ತಿರುಗಿಸಬೇಕು. ಅಂದರೆ ನಾದುವಾಗ ಕಟ್ಟೆಯನ್ನು ಮುಂದೆ ಹಿಂದೆ ದಬ್ಬಿದ ಹಾಗೆ, ಬಡಿಯುವಾಗ ಮೇಲಿಂದ ಒಂದೇ ಸಮನೆ ಪೆಟ್ಟು. ಒಬ್ಬೊಬ್ಬರಿಗೆ ಎರಡೆರಡು ರೊಟ್ಟಿ ಅಂದರೂ ಎಷ್ಟು ಪೆಟ್ಟು ಆಯಿತು, ನೀವೇ ಲೆಕ್ಕ ಹಾಕಿ.

ಮನೆಯಲ್ಲಿ ಈ ತೊಂದರೆ ಇಲ್ಲ. ನಮ್ಮ ಕಡೆ ಅಡುಗೆ ಕಟ್ಟೆ ಅಂದರೆ ಶಹಾಬಾದ್ ಕಲ್ಲು. ಇಲ್ಲೇ ವಾಡಿ ಕಡೆ ಹೋಗುವ ರೈಲು ದಾರಿಯಲ್ಲಿರುವ ಊರಿನ ಹೆಸರು ಹೊತ್ತ ಸುಣ್ಣದ ಕಲ್ಲು. ಈ ಜಿಲ್ಲೆಯಲ್ಲಿ ಇಷ್ಟು ಸಿಮೆಂಟ್ ಕಾರ್ಖಾನೆಗಳು ಇರೋದಕ್ಕೂ ನೆಲದೊಳಗಿನ ಸುಣ್ಣದ ಕಲ್ಲೇ ಕಾರಣ. ಒಂದು ಇಂಚು ದಪ್ಪದ ಆ ಕಲ್ಲು ಚದರ ಅಡಿಗೆ ಸುಮಾರು 6 ಕೆಜಿ ತೂಗುತ್ತದೆ. ನಮ್ಮ ಟ್ರೇಲರ್ ಕಟ್ಟೆಯ ಅಳತೆಗೆ ಹಾಕಿದರೆ 45 ಕೆಜಿ ದಾಟುತ್ತದೆ. ಅದಕ್ಕೆ ಸ್ಕ್ರೂ ಬೇಡ, ಏನೂ ಬೇಡ. ತನ್ನ ತೂಕಕ್ಕೇ ಕೂತಿರುತ್ತದೆ. ಟ್ರೇಲರಿನಲ್ಲಿದ್ದದ್ದು 18 ಎಂಎಂ ಪಾರ್ಟಿಕಲ್ ಬೋರ್ಡ್, ಮೇಲೆ ಸನ್‌ಮೈಕಾ. ಅಂದರೆ ಕಟ್ಟಿಗೆಯ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಅಷ್ಟೇ ಅಳತೆಗೆ ಅದು 10 ಕೆಜಿಯೂ ಆಗೋದಿಲ್ಲ. ಎಳೆಯುವ ಗಾಡಿಗೆ ಇದು ಒಳ್ಳೆಯದೇ. ಆದರೆ ತೂಕ ಮಾಡುತ್ತಿದ್ದ ಕೆಲಸವನ್ನು ಈಗ ಬೇರೆ ಯಾರೋ ಮಾಡಬೇಕಲ್ವಾ?

ಮೇಲಿಂದ ರೊಟ್ಟಿಯ ಪೆಟ್ಟು, ಕೆಳಗಿಂದ ರಸ್ತೆಯ ಪೆಟ್ಟು. ನಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಾಕಿದ ಡಾಂಬರು ಎಷ್ಟು ದಿನ ಸಪಾಟಾಗಿ ಇದ್ದೀತು? ಗುಂಡಿ ಇಲ್ಲದ ಕಡೆಯೂ ರಸ್ತೆ ಅಲೆ ಅಲೆಯಾಗಿ ಇರುತ್ತದೆ. ಅದಕ್ಕೆ ಹಗುರ ಟ್ರೇಲರ್, ಗಟ್ಟಿ ಲೀಫ್ ಸ್ಪ್ರಿಂಗ್ ಸೇರಿದರೆ ಒಳಗಿನ ಎಲ್ಲ ಸಾಮಾನೂ ಮೇಲಕ್ಕೆ ಹಾರುತ್ತದೆ. ಟೈರಿಗೆ ಗಾಳಿ ಜಾಸ್ತಿ ಹೊಡೆಸಿದ್ದರಂತೂ ಕೇಳಲೇಬೇಡಿ. ಒಲೆ ಸಮೇತ ಕಟ್ಟೆಯೂ ಹಾರಲು ನೋಡುತ್ತದೆ. ಅದನ್ನು ಕೆಳಗೆ ಹಿಡಿದಿಟ್ಟವು ನಾಲ್ಕಾರು ಎಲ್ ಕ್ಲಾಂಪುಗಳು. ಕ್ಲಾಂಪಿನಿಂದ ನೇರ ಮೇಲಕ್ಕೆ, ಆ ಪುಡಿ ಹಲಗೆಯೊಳಗೆ ಅರ್ಧ ಇಂಚು ಹೋದ ಸ್ಕ್ರೂಗಳು.

"ಈ ಕಟ್ಟಿ ನನ್ ಕೈಗೂಡ ಕುಣಿಲತ್ತದ ನೋಡು" ಅಂತ ಅತ್ತೆ ಮೊದಲು ಹೇಳಿದ್ದು ಬೋನಾಳದಲ್ಲಿ. ಮನೆಗೆ ಬಂದ ಮೇಲೆ ಒಲೆ, ಸಿಂಕು ಕಳಚಿ, ಕಟ್ಟೆಯನ್ನು ಎತ್ತಿ ಅಂಗಳಕ್ಕೆ ತಂದು ಬೋರಲಾಗಿ ಹಾಕಿದೆ. ಅಡಿಭಾಗ ನೋಡಿದರೆ ಎಲ್ಲ ವಿಷಯ ಅಲ್ಲೇ ಬರೆದಿತ್ತು.

ಸ್ಕ್ರೂ ತೂತುಗಳ ತುಂಬ ಜೋಳದ ಹಿಟ್ಟು. ಹಳೆಯ ಹಿಟ್ಟು ಹಳದಿಯಾಗಿ ಗಟ್ಟಿಯಾಗಿತ್ತು, ಅದರ ಮೇಲೆ ಹೊಸದು ಬೆಳ್ಳಗೆ ಕೂತಿತ್ತು. ಅಂದರೆ ಪ್ರತಿ ಸಲ ರೊಟ್ಟಿ ಬಡಿದಾಗಲೂ ಸಂದು ಬಾಯಿ ಬಿಟ್ಟಿದೆ, ಹಿಟ್ಟು ಒಳಗೆ ಇಳಿದಿದೆ. ಕಟ್ಟೆ ಕೂರುತ್ತಿದ್ದ ಅಲ್ಯೂಮಿನಿಯಂ ಪೈಪಿನ ಮೇಲೆ ಕಪ್ಪು ಪುಡಿ. ಕೈಗೆ ಹತ್ತಿದರೆ ಕಾಡಿಗೆ ಹಾಗೆ ಬಿಡಲೊಲ್ಲದು. ಅಲ್ಯೂಮಿನಿಯಂ ಸಣ್ಣಗೆ ಉಜ್ಜುತ್ತಾ ಇದ್ದರೆ ಹಾಗೆ ಕಪ್ಪು ಬಿಡುತ್ತದೆ. ಎಲ್ಲಿ ಕಪ್ಪು ಜಾಸ್ತಿಯೋ ಅಲ್ಲಿ ಅಲ್ಲಾಟ ಜಾಸ್ತಿ. ಸಿಂಕಿನ ಬದಿಗೆ ಹಲಗೆ ನೀರು ಕುಡಿದು ದಪ್ಪ ಬಿಸ್ಕತ್ತಿನಂತೆ ಉಬ್ಬಿತ್ತು. ಉಗುರಿನಿಂದ ಕೆದರಿದರೆ ಉದುರುತ್ತಿತ್ತು. ಒಂದು ಕಡೆ ಹಿಂದಿನ ಮಾಲೀಕರ ರಿಪೇರಿಯೂ ಕಂಡಿತು. ಸ್ಕ್ರೂ ಹಿಡಿಯದೆ ಹೋದಾಗ ಉದ್ದನೆಯದು ಹಾಕಿದ್ದಾರೆ. ಅದು ಹಲಗೆ ದಾಟಿ ಸನ್‌ಮೈಕಾವನ್ನು ಕೆಳಗಿಂದ ದಬ್ಬಿ ಮೇಲೆ ಬೊಕ್ಕೆ ಎಬ್ಬಿಸಿತ್ತು. ಅತ್ತೆ ಆ ಬೊಕ್ಕೆ ಮೇಲೆ ಯಾವಾಗಲೂ ಉಪ್ಪಿನ ಡಬ್ಬಿ ಇಡುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ಗೋಡೆ ಮತ್ತು ಕಟ್ಟೆಯ ನಡುವಿನ ಸಂದಿಗೆ ಯಾರೋ ವೈಟ್ ಸಿಮೆಂಟ್ ತುಂಬಿದ್ದರು. ಓಡಾಡುವ ಗಾಡಿಯಲ್ಲಿ ಸಿಮೆಂಟು! ಚೂರು ಚೂರಾಗಿ ಡ್ರಾಯರಿಗೆ ಬಿದ್ದಿತ್ತು.

ಏನು ಮಾಡಬಹುದು? ಬೆಂಕಿಕಡ್ಡಿಗೆ ಫೆವಿಕಾಲ್ ಹಚ್ಚಿ ತೂತಿಗೆ ತುರುಕಿ ಮತ್ತೆ ಸ್ಕ್ರೂ ಹಾಕೋದು ಒಂದು ದಾರಿ. ಮನೆ ಬಾಗಿಲಿನ ಕೀಲಿನ ಸ್ಕ್ರೂಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಯಾಕೆಂದರೆ ಸುತ್ತ ಇರೋದು ಗಟ್ಟಿ ಕಟ್ಟಿಗೆ. ಇಲ್ಲಿ ಸುತ್ತ ಇರೋದೇ ಪುಡಿ. ಎಂ-ಸೀಲ್ ತುಂಬಿದರೂ ಅಷ್ಟೇ. ಎಂ-ಸೀಲ್ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಅದು ಅಂಟಿಕೊಂಡ ಪುಡಿ ಸಮೇತ ಕಿತ್ತು ಬರುತ್ತದೆ. ಮೇಲಿಂದಲೇ ತೂತು ಹೊಡೆದು ಬೋಲ್ಟ್ ಹಾಕಿದರೆ ಗಟ್ಟಿಯಾದೀತು, ಆದರೆ ರೊಟ್ಟಿ ಬಡಿಯುವ ಜಾಗದಲ್ಲಿ ಬೋಲ್ಟಿನ ತಲೆ ಯಾರಿಗೆ ಬೇಕು? ನೀರೂ ಇಳಿಯುತ್ತದೆ. ಇಡೀ ಕಟ್ಟೆಯನ್ನೇ ಹೊಸ ಪ್ಲೈವುಡ್ಡಿನಲ್ಲಿ ಮಾಡಿಸಿಬಿಡು ಅಂತ ಇವರು ಅಂದರು. ಅದು ತಪ್ಪಲ್ಲ. ಆದರೆ ಹೊಸ ಹಲಗೆಗೂ ಅದೇ ಕ್ಲಾಂಪು, ಅದೇ ಸ್ಕ್ರೂ ಹಾಕಿದರೆ ಇದೇ ಹಾಡು ಸ್ವಲ್ಪ ತಡವಾಗಿ ಬರುತ್ತದೆ.

ನಮ್ಮ ಓಣಿಯಲ್ಲಿ ಒಬ್ಬ ಬಡಿಗ ಕಾಕಾ ಇದ್ದಾರೆ. ಈಗ ಬಾಗಿಲು, ಕಿಟಕಿ ಮಾಡುತ್ತಾರೆ. ವಯಸ್ಸಿನಲ್ಲಿ ಎತ್ತಿನ ಗಾಡಿ ಮಾಡಿದ ಕೈ. ಬೋರಲು ಬಿದ್ದ ಕಟ್ಟೆಯನ್ನು ನೋಡಿ ಅವರು ತಕ್ಷಣ ಹಲಗೆಯನ್ನು ಬೈಯಲಿಲ್ಲ. ಸ್ಕ್ರೂ ನಿಂತ ದಿಕ್ಕನ್ನು ಬೈದರು. "ಮೊಳೀಗಿ ಎಳಿಯೋ ಕೆಲಸ ಕೊಡಬ್ಯಾಡವಾ, ಅಡ್ಡ ನಿಂದ್ರೋ ಕೆಲಸ ಕೊಡು" ಅಂದರು. ಗಾಡಿಯ ಗಾಲಿ ಹೊರಗೆ ಜಾರದಂತೆ ತಡೆಯೋದು ಅಚ್ಚಿನ ತುದಿಯಲ್ಲಿ ಅಡ್ಡ ನಿಂತ ಕಡೆಗೀಲು. ಬೆರಳುದ್ದದ ಕೀಲು ಅಷ್ಟು ದೊಡ್ಡ ಗಾಲಿಯನ್ನು ತಡೆಯೋದು ಅಡ್ಡ ನಿಂತದ್ದಕ್ಕೆ. ಅದನ್ನೇ ಅಚ್ಚಿನ ನೇರಕ್ಕೆ ಹೊಡೆದಿದ್ದರೆ ಮೊದಲ ಹಳ್ಳದಲ್ಲೇ ಕಿತ್ತು ಬರುತ್ತಿತ್ತು. ನಮ್ಮ ಕಟ್ಟೆಯ ಸ್ಕ್ರೂಗಳು ನಿಂತದ್ದು ಹಾಗೆಯೇ. ರಸ್ತೆ ಮೇಲಕ್ಕೆ ಎಳೆಯುತ್ತದೆ, ಸ್ಕ್ರೂವೂ ಮೇಲಕ್ಕೇ ನಿಂತಿದೆ. ಹಿಡಿದುಕೊಳ್ಳಲು ಅದಕ್ಕೆ ಎಳೆಗಳ ಹಲ್ಲು ಬಿಟ್ಟರೆ ಬೇರೆ ಏನಿದೆ?

ಅಲ್ಲಿಂದ ದಾರಿ ಸಲೀಸಾಯಿತು. ಕಟ್ಟೆಯ ಅಡಿಗೆ ಉದ್ದಕ್ಕೂ ಎರಡು ಸಾಗುವಾನಿ ಪಟ್ಟಿ ಅಂಟಿಸೋದು, ಮುಂದೊಂದು, ಹಿಂದೊಂದು. ಕಟ್ಟೆ ಕೂರಿಸಿದಾಗ ಆ ಪಟ್ಟಿಗಳು ಚೌಕಟ್ಟಿನ ಪೈಪುಗಳ ಒಳಮೈಗೆ ಒತ್ತಿ ಇಳಿಯಬೇಕು. ಆಮೇಲೆ ಪೈಪು, ಪಟ್ಟಿ ಎರಡನ್ನೂ ಸೇರಿಸಿ ಅಡ್ಡಡ್ಡ ಬೋಲ್ಟ್. ರಸ್ತೆ ಕಟ್ಟೆಯನ್ನು ಮೇಲಕ್ಕೆ ಎತ್ತಲು ನೋಡಿದರೆ ಬೋಲ್ಟನ್ನೇ ತುಂಡು ಮಾಡಬೇಕು. 6 ಎಂಎಂ ಸ್ಟೀಲ್ ಬೋಲ್ಟ್ ಅಷ್ಟಕ್ಕೆಲ್ಲ ತುಂಡಾಗೋದಿಲ್ಲ. ಇನ್ನು ಪುಡಿ ಹಲಗೆಯ ಮೇಲೆ ಬೀಳುವ ಎಳೆತ. ಅದು ಮೊದಲಿನಂತೆ ನಾಲ್ಕಾರು ಚುಕ್ಕಿಗಳ ಮೇಲೆ ಬೀಳದೆ, ನಾಲ್ಕು ಅಡಿ ಉದ್ದದ ಅಂಟಿನ ಮೇಲೆ ಹರಡಿಕೊಳ್ಳುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಬೋಲ್ಟ್ ಕೇಳಿದಾಗ, "ಅಣ್ಣಾರು ಬಂದಿಲ್ಲೇನ್ರಿ ಅಕ್ಕಾರ?" ಅಂತ ಕೇಳಿದರು. ಅಣ್ಣಾರು ಹೊರಗೆ ಗಾಡಿಯಲ್ಲಿ ಮೊಬೈಲ್ ನೋಡುತ್ತಾ ಕೂತಿದ್ದರು. ನಾನು ನೈಲಾಕ್ ನಟ್ಟೇ ಬೇಕು ಅಂದೆ. ಸಾದಾ ನಟ್ಟು ಅಲ್ಲಾಟಕ್ಕೆ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ನೈಲಾಕಿನ ಬಾಯಲ್ಲಿ ಒಂದು ನೈಲಾನ್ ಉಂಗುರ ಇರುತ್ತದೆ, ಅದು ಬೋಲ್ಟಿನ ಎಳೆಗಳನ್ನು ಕಚ್ಚಿ ಹಿಡಿಯುತ್ತದೆ. ಅಲ್ಲೇ ಪ್ಲೈ ಅಂಗಡಿಯಲ್ಲಿ ಒಂದು ತುಂಡು ಮರೈನ್ ಪ್ಲೈ ತೆಗೆದುಕೊಂಡೆ. ಹಲಗೆಯ ಮೇಲೆ ಐಎಸ್ 710 (ಭಾರತೀಯ ಮಾನಕದ ಸಂಖ್ಯೆ) ಅಂತ ಸೀಲು ಇರಬೇಕು, ನೋಡಿ ತೆಗೆದುಕೊಳ್ಳಿ. ಆ ದರ್ಜೆಯ ಪ್ಲೈಯ ಅಂಟು 72 ಗಂಟೆ ನೀರಲ್ಲಿ ಕುದಿಸಿದರೂ ಬಿಡಬಾರದು ಅನ್ನೋದು ನಿಯಮ. ಐಎಸ್ 303 ಅಂತ ಇದ್ದರೆ ಅದು ಮನೆಯ ಕಪಾಟಿಗೆ ಸರಿ, ಸಿಂಕಿನ ಪಕ್ಕಕ್ಕೆ ನಾನಂತೂ ಹಾಕೋದಿಲ್ಲ.

ಸಿಂಕಿನ ಕಡೆ ಉಬ್ಬಿದ ಭಾಗವನ್ನು ಕೆಳಗಿಂದ ಪೂರ್ತಿ ಕೊರೆದು ತೆಗೆದೆವು, ಸನ್‌ಮೈಕಾ ಮಾತ್ರ ಉಳಿಸಿಕೊಂಡು. ಉಬ್ಬಿದ ಪಾರ್ಟಿಕಲ್ ಬೋರ್ಡ್ ಒಣಗಿದರೆ ಸರಿಹೋಗುತ್ತದೆ ಅಂತ ಕೆಲವರು ಕಾಯುತ್ತಾರೆ. ಹೋಗೋದಿಲ್ಲ. ಒಣಗಬಹುದು, ಆದರೆ ಮೊದಲಿನ ಗಟ್ಟಿತನ ವಾಪಸ್ ಬರೋದಿಲ್ಲ. ಆ ಜಾಗಕ್ಕೆ ಮರೈನ್ ಪ್ಲೈ ತುಂಡು ಕೂರಿಸಿ, ಸಿಂಕಿನ ತೂತಿನ ಸುತ್ತ ಕತ್ತರಿಸಿದ ಅಂಚಿಗೆಲ್ಲ ಎಪಾಕ್ಸಿ ಅಂಟು ತಿಕ್ಕಿದೆವು. ನೀರು ನುಗ್ಗೋದು ಯಾವಾಗಲೂ ಅಂಚಿನಿಂದಲೇ.

ಅಂಟಿನ ಕೆಲಸದಲ್ಲಿ ಎರಡು ವಿಷಯ ಮುಖ್ಯ. ಪಾರ್ಟಿಕಲ್ ಬೋರ್ಡಿನ ಅಡಿಗೆ ತೆಳ್ಳನೆ ಕಾಗದದಂಥ ಪದರ ಇರುತ್ತದೆ. ಅದರ ಮೇಲೆಯೇ ಅಂಟಿಸಿದರೆ ಪಟ್ಟಿ ಹಿಡಿಯೋದು ಆ ಕಾಗದವನ್ನು, ಹಲಗೆಯನ್ನಲ್ಲ. ಪಟ್ಟಿ ಬರುವ ಜಾಗದಲ್ಲಿ ಅದನ್ನು ಪಾಲಿಶ್ ಪೇಪರಿನಿಂದ ಪೂರ್ತಿ ಉಜ್ಜಿ ತೆಗೆಯಬೇಕು. ಇನ್ನೊಂದು, ಸಾಗುವಾನಿಯಲ್ಲಿ ಸಹಜವಾಗಿಯೇ ಎಣ್ಣೆ ಅಂಶ ಇದೆ, ಅದು ಅಂಟನ್ನು ಹತ್ತಿರ ಸೇರಿಸೋದಿಲ್ಲ. ಅಸಿಟೋನಿನಲ್ಲಿ ಬಟ್ಟೆ ಅದ್ದಿ ಒರೆಸಿ, ಅದು ಆರಿದ ಕೂಡಲೇ ಅಂಟು ಹಚ್ಚಬೇಕು. ಎರಡು ಟ್ಯೂಬ್ ಕಲಸುವ ಎಪಾಕ್ಸಿ ನಮ್ಮ ಬಿಸಿಲಿಗೆ ಬೇಗ ಗಟ್ಟಿಯಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಕಲಸಿದರೆ ಅರ್ಧ ಹಚ್ಚುವುದರಲ್ಲಿ ಮುದ್ದೆ. ಹಾಗಾಗಿ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಕಲಸಿ, ಪಟ್ಟಿಗಳ ಮೇಲೆ ಶಹಾಬಾದ್ ಕಲ್ಲಿನ ತುಂಡುಗಳನ್ನೇ ಹೇರಿ ಮರುದಿನದ ತನಕ ಬಿಟ್ಟೆವು. ಕಲ್ಲಿಗೂ ಒಂದು ಕೆಲಸ ಸಿಕ್ಕಿತು.

ಬಿಸಿಲಿನ ಮಾತು ಬಂತಲ್ಲ, ಅದು ಇನ್ನೊಂದು ಕಡೆಯೂ ಕೈ ಆಡಿಸುತ್ತದೆ. ಮೇ ತಿಂಗಳಲ್ಲಿ ಇಲ್ಲಿ ಹೊರಗೇ 42, 43 ಡಿಗ್ರಿ. ಮುಚ್ಚಿದ ಟ್ರೇಲರ್ ಒಳಗೆ ಅದಕ್ಕಿಂತ ಜಾಸ್ತಿ. ನಾಲ್ಕು ಅಡಿ ಉದ್ದದ ಅಲ್ಯೂಮಿನಿಯಂ ಪೈಪು 30 ಡಿಗ್ರಿ ಬಿಸಿ ಏರಿದರೆ ಸುಮಾರು 0.8 ಎಂಎಂ ಉದ್ದವಾಗುತ್ತದೆ. ಸಾಗುವಾನಿ ಪಟ್ಟಿ ಅದರ ಕಾಲು ಭಾಗವೂ ಹಿಗ್ಗೋದಿಲ್ಲ. ಎರಡನ್ನೂ ಎಲ್ಲ ಕಡೆ ಬಿಗಿಯಾಗಿ ಕಟ್ಟಿಹಾಕಿದರೆ ದಿನಾ ಹಗಲು ರಾತ್ರಿ ಒಂದನ್ನೊಂದು ಎಳೆದಾಡುತ್ತವೆ. ಅದಕ್ಕೆ ಒಲೆಯ ಕಡೆಯ ಬೋಲ್ಟಿಗೆ ಮಾತ್ರ ಗುಂಡು ತೂತು. ಉಳಿದವಕ್ಕೆ ಪಟ್ಟಿಯಲ್ಲಿ ತೂತನ್ನು ಅರದಿಂದ ಉಜ್ಜಿ ಉದ್ದುದ್ದ ಮಾಡಿದೆ. ಪಟ್ಟಿ ಅಕ್ಕಪಕ್ಕ ಕೂದಲೆಳೆಯಷ್ಟು ಜರುಗಬಹುದು, ಮೇಲಕ್ಕೆ ಮಾತ್ರ ಬರಲಾರದು. ಪೈಪು ಟೊಳ್ಳು, ಬೋಲ್ಟ್ ಬಿಗಿದರೆ ಚಪ್ಪಟೆಯಾಗುತ್ತದೆ. ಹಾಗಾಗದಂತೆ ಒಳಗೆ ಸಣ್ಣ ಬುಶ್, ಅಂದರೆ ಗಟ್ಟಿ ಕೊಳವೆಯ ತುಂಡು, ಕೂರಿಸಿದ್ದು ಕಾಕಾ ಸಲಹೆ. ಪೈಪು ಮತ್ತು ಕಟ್ಟೆ ತಾಗುವ ಕಡೆಗೆಲ್ಲ ಹಳೆ ಟ್ಯೂಬಿನ ರಬ್ಬರ್ ಪಟ್ಟಿ ಅಂಟಿಸಿದೆ. ಗೋಡೆಯ ಸಂದಿಗೆ ಪಿಯು (ಪಾಲಿಯುರೆಥೇನ್) ಸೀಲೆಂಟ್. ಗಟ್ಟಿಯಾದ ಮೇಲೂ ಅದು ರಬ್ಬರಿನಂತೆ ಜಗ್ಗುತ್ತದೆ, ಸಿಮೆಂಟಿನಂತೆ ಉದುರೋದಿಲ್ಲ.

ಎಲ್ಲ ಕೂರಿಸಿದ ಮೇಲೆ ಪ್ರತಿ ನಟ್ಟಿನಿಂದ ಬೋಲ್ಟಿನ ತುದಿಗೆ ಕೆಂಪು ಉಗುರು ಬಣ್ಣದ ಒಂದು ಗೀಟು ಎಳೆದೆ. ಗ್ಯಾರೇಜಿನವರು ಪೇಂಟಿನಲ್ಲಿ ಹಾಕುವ ಗುರುತು ಇದೇ. ನಟ್ಟು ಸ್ವಲ್ಪ ತಿರುಗಿದರೂ ಗೀಟು ಮುರಿಯುತ್ತದೆ, ಪಾನಾ ಹಿಡಿದು ಒಂದೊಂದನ್ನೂ ಪರೀಕ್ಷೆ ಮಾಡಬೇಕಾಗಿಲ್ಲ.

ಚಿಂಚೋಳಿ ಕಡೆಗೆ ಹೋಗಿ ಬಂದೆವು. ಹೋಗುವಾಗ ಇವರಿಗೆ ನಿಧಾನ ಹೊಡಿ ಅಂತ ಹೇಳಲಿಲ್ಲ, ಬೇಕಂತಲೇ. ಚಂದ್ರಂಪಳ್ಳಿಯಲ್ಲಿ ಅತ್ತೆ ಪರಾತ ಇಟ್ಟುಕೊಂಡು ಹಿಟ್ಟು ನಾದಲು ನಿಂತಾಗ ನಾನು ಕಟ್ಟೆಯ ಕೆಳಗೆ ಟಾರ್ಚ್ ಹಿಡಿದು ಕೂತೆ. ಅವರು "ಏನ್ ಮಾಡ್ಲತ್ತಿದಿ ಅಲ್ಲಿ, ಹುಳಾನಾ?" ಅಂದರು. ಪಟ್ಟಿ ಕದಲಲಿಲ್ಲ. ಗೀಟುಗಳೂ ಹಾಗೇ ಇದ್ದವು. ಒಲೆಯ ಹತ್ತಿರದ್ದು ಒಂದು ಮಾತ್ರ ಬಿರುಕು ಬಿಟ್ಟಿತ್ತು. ಅದು ನಟ್ಟು ತಿರುಗಿದ್ದಕ್ಕೋ, ಬಿಸಿಗೆ ಬಣ್ಣ ಒಡೆದದ್ದಕ್ಕೋ ಅಂತ ಪಾನಾ ಹಾಕಿ ನೋಡಿದೆ. ನಟ್ಟು ಬಿಗಿಯಾಗಿಯೇ ಇತ್ತು. ಆ ನಟ್ಟಿಗೆ ಇನ್ನು ಪೇಂಟೇ ಸರಿ.

ಅಲ್ಲಾಟ ನಿಂತ ಮೇಲೆ ಅತ್ತೆಯ ಹೊಸ ತಕರಾರು ಶುರುವಾಯಿತು. ಕಟ್ಟೆ ಎತ್ತರವಂತೆ. ಮೊದಲು ಕುಣಿಯುತ್ತಿದ್ದಾಗ ಎತ್ತರದ ಕಡೆ ಯಾರಿಗೂ ಲಕ್ಷ್ಯ ಇರಲಿಲ್ಲ. ಮನೆಯಲ್ಲಿ ನೆಲಕ್ಕೆ ಕೂತು ಬಡಿದು ರೂಢಿಯಾದವರಿಗೆ ನಿಂತು ಬಡಿಯಬೇಕಾದರೆ ಭುಜ ಮೇಲೇಳಬಾರದು, ಮೊಣಕೈ ಕಟ್ಟೆಗಿಂತ ಸ್ವಲ್ಪ ಮೇಲೆ ಇರಬೇಕು. ಕಟ್ಟೆ ಇಳಿಸೋಣ ಅಂದರೆ ಅದರ ಕೆಳಗೇ ಗಾಲಿಯ ಡಬ್ಬ ಇದೆ, ಎರಡು ಇಂಚು ಸಹ ಇಳಿಯೋದಿಲ್ಲ. ಕಟ್ಟೆ ಇಳಿಯದಿದ್ದರೆ ಅತ್ತೆ ಏರಬೇಕು, ಅಷ್ಟೇ. ನಿಲ್ಲಲು ಒಂದು ಅಗಲ ಮಣೆ ಮಾಡಿಕೊಡುತ್ತೇನೆ ಅಂದಿದ್ದೇನೆ. ಮರೈನ್ ಪ್ಲೈ ತುಂಡು ಉಳಿದಿದೆ, ಅಡಿಗೆ ರಬ್ಬರ್ ಹಾಕಿದರೆ ಜಾರೋದೂ ಇಲ್ಲ.